ನೆಲದೊಳಗಿನ ಮೂರಡಿ

ಚೌಕಾಸಿ ಮಾಡಿದರೆ ಪಾಪವೇ ಎಂದು ಹೋದ ವಾರ ನಿಮ್ಮಲ್ಲೊಬ್ಬರು ಕೇಳಿದಿರಿ. ಕೇಳಿ ನಕ್ಕಿರಿ. ಎಲ್ಲರೂ ನಕ್ಕರು. ಆವತ್ತು ನಾನು ಉತ್ತರ ಕೊಡಲಿಲ್ಲ. ಇವತ್ತು ಒಂದು ಕಥೆ ಹೇಳುತ್ತೇನೆ.

ಒಂದು ಊರು ಎಂದುಕೊಳ್ಳಿ. ಅಲ್ಲೊಬ್ಬ ಶ್ರೀಮಂತ. ಹೆಸರು ಬೇಡ. ಹೆಸರು ಹೇಳಿದರೆ ಇದು ಬೇರೆ ಯಾರದೋ ಕಥೆ ಎಂದು ನಿಮಗೆ ನಿರಾಳವಾಗುತ್ತದೆ. ಅದೇ ಊರಲ್ಲಿ ಹಸುಗಳಿಗೆ ಶೆಡ್ ಕಟ್ಟುವ ಒಬ್ಬ ಮೇಸ್ತ್ರಿ, ಅವನಿಗೊಬ್ಬಳು ಹೆಂಡತಿ. ಕಥೆ ಶುರುವಾಗುವ ಹೊತ್ತಿಗೆ ಮೇಸ್ತ್ರಿ ಸತ್ತು ಹದಿಮೂರು ದಿನ.

ತಿಥಿ ಮುಗಿದಿತ್ತು. ನೆಂಟರು ಹಿಂದಿನ ದಿನದ ಬಸ್ಸಿಗೆ ಹೋಗಿದ್ದರು. ಅವಳು ಎದ್ದಳು. ನಲ್ಲಿಯಲ್ಲಿ ನೀರು ಬಂದಿತ್ತು, ಹಿಡಿದಳು. ಹಾಲು ಕಾಯಿಸಿದಳು. ಉಕ್ಕುವ ಮೊದಲೇ ಒಲೆ ಆರಿಸಿದಳು. ಅಳು ಬರಲಿಲ್ಲ. ನೋಡಿ, ಸಾವಿನ ದಿನ ಊರೆಲ್ಲ ಜೊತೆಗಿರುತ್ತದೆ. ಹಾಲು ಎಂದಿನಂತೆ ಕಾಯುವ ಮೊದಲ ಬೆಳಗ್ಗೆ ಯಾರೂ ಇರುವುದಿಲ್ಲ.

ಆ ಬೆಳಗ್ಗೆ ಶ್ರೀಮಂತ ಬಾಗಿಲಿಗೆ ಬಂದ.

“ಇದ್ದೀಯೇನಮ್ಮ ಒಳ್ಗೆ?”

“ಬನ್ನಿ ಯಜಮಾನ್ರೇ. ಕೂತ್ಕೊಳ್ಳಿ.”

“ಕೂರಕ್ಕೆ ಬಂದಿಲ್ಲ ಕಣಮ್ಮ. ಆಗಿದ್ದಾಯ್ತು. ನಿನ್ನ ಮುಖ ನೋಡಕ್ಕೇ ಆಗಲ್ಲ ನಂಗೆ.” ನೋಡಲೂ ಇಲ್ಲ. ಹೊಸ್ತಿಲು ನೋಡುತ್ತ ಹೇಳಿದ: “ಒಂದು ಎಸ್ಟಿಮೇಟ್ ಆಗ್ಬೇಕಿತ್ತು.”

ಅವಳು ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವಳು. ಗಂಡ ಅಳತೆ ತರುತ್ತಿದ್ದ, ಇವಳು ಲೆಕ್ಕ ಹಾಕಿ ಬರೆಯುತ್ತಿದ್ದಳು. ಆ ಸುತ್ತಿನ ಶೆಡ್ಡುಗಳೆಲ್ಲ ಮೊದಲು ಎದ್ದದ್ದು ಅವಳ ದುಂಡು ಅಕ್ಷರದಲ್ಲಿ.

“ಹಳೇ ಶೆಡ್ಡು ಹೋಯ್ತಲ್ಲ, ಅದೇ ಜಾಗ್ದಲ್ಲಿ ಹೊಸದು. ಈ ಸಲ ಒಂದು ಕಡೆ ಮನೇನೂ ಸೇರ್ಸಿ ಬರಿ. ಎರಡು ರೂಮು, ಒಂದು ಅಡುಗೆಮನೆ. ಹಸ ನೋಡ್ಕೊಳಕ್ಕೆ ಒಂದು ಸಂಸಾರ ಬತ್ತದೆ. ಗಂಡ, ಹೆಂಡ್ತಿ, ಎರಡು ಸಣ್ಣ ಕೂಸು.”

ಹಳೇ ಶೆಡ್ಡು ಹೋಯ್ತಲ್ಲ ಎಂದ. ಹೇಗೆ ಹೋಯಿತು ಎಂದು ನೀವು ಕೇಳಬೇಕಲ್ಲವೇ?

ಆ ಸೀಮೆಯಲ್ಲಿ ಒಂದು ರೂಢಿ. ಶೆಡ್ಡಿನ ಎಸ್ಟಿಮೇಟಿನಲ್ಲಿ ಕಂಬದ ಅಳತೆ ಬರೆಯುವಾಗ ನೆಲದ ಮೇಲೆ ಕಾಣುವುದನ್ನು ಮಾತ್ರ ಬರೆಯುತ್ತಾರೆ. ಹತ್ತಡಿ ಕಂಬ ಎಂದರೆ ಕಣ್ಣಿಗೆ ಕಾಣುವ ಹತ್ತಡಿ. ನೆಲದೊಳಗೆ ಇಳಿಯುವ ಮೂರಡಿ ಕಾಗದದಲ್ಲಿ ಇರುವುದಿಲ್ಲ. ಮೇಸ್ತ್ರಿ ಅದನ್ನು ದರದಲ್ಲಿ ಸೇರಿಸಿಕೊಂಡಿರುತ್ತಾನೆ. ಗಿರಾಕಿ ಕೇಳುವುದಿಲ್ಲ, ಮೇಸ್ತ್ರಿ ಹೇಳುವುದಿಲ್ಲ. ಮೂರಡಿ ಹೂತೇ ಹೂಳುತ್ತಾನೆ ಎಂಬ ನಂಬಿಕೆಯ ಮೇಲೆ ಶೆಡ್ಡು ನಿಂತಿರುತ್ತದೆ.

ಹಳೆಯ ಶೆಡ್ಡಿಗೆ ಕಬ್ಬಿಣದ ಪೈಪಿನ ಹದಿನೆಂಟು ಕಂಬ. ಎಸ್ಟಿಮೇಟು ಹಿಡಿದು ಮೇಸ್ತ್ರಿ ಶ್ರೀಮಂತನ ಜಗಲಿಗೆ ಮೂರು ಸಲ ಹೋದ. ಮೊದಲ ಸಲ ಶ್ರೀಮಂತ ಕಾಗದ ನೋಡಿ, “ಸ್ವಲ್ಪ ನೋಡಿ ಹಾಕಪ್ಪ” ಎಂದ. ಎರಡನೆಯ ಸಲ ಕಾಫಿ ಕೊಟ್ಟು, “ಸ್ವಲ್ಪ ನೋಡಿ ಹಾಕು” ಎಂದ. ಮೂರನೆಯ ಸಲ ಕಾಫಿ ಇರಲಿಲ್ಲ. “ಬೇರೆಯವ್ರೂ ಬಂದು ಕೇಳ್ತಾವ್ರೆ. ನೀನು ನಮ್ಮೋನು ಅಂತ ನಿಂಗೇ ಹೇಳ್ತಿರದು” ಎಂದ. ಮೇಸ್ತ್ರಿ, “ಆಗ್ಲಿ ಬಿಡಿ” ಎಂದು ಎದ್ದು ಬಂದ.

ಮನೆಗೆ ಬಂದು ಹೆಂಡತಿಯ ಮುಂದೆ ಕಾಗದ ಇಟ್ಟ.

“ಹನ್ನೊಂದು ಸಾವಿರ ಇಳಿಸ್ಬೇಕು. ಎಲ್ಲಿಂದ ತೆಗೀತೀರಿ, ಮೇಡಮ್ಮೋರು ಹೇಳ್ಬೇಕು.”

“ಶೀಟು ತೆಳ್ಳಗಿಂದು ಹಾಕಿದ್ರೆ?”

“ಮೊದಲ್ನೇ ಮಳೆಗೇ ಸೋರ್ತದೆ. ಕರೆಸಿ ಉಗೀತಾನೆ.”

“ಹಸುಗಳ ಕಾಲಡಿಗೆ ಹಾಕೋ ಮ್ಯಾಟು?”

“ಹಸ ಜಾರಿ ಬಿದ್ರೆ ನಮ್ಮನೆ ಬಾಗ್ಲಿಗೇ ತಂದು ಕಟ್ತಾನೆ.”

ಕಾಣುವುದೆಲ್ಲ ಮುಗಿಯಿತು. ಆಮೇಲೆ ಅವಳೇ ಕೇಳಿದಳು. ನೆನಪಿಡಿ, ಅವಳೇ ಕೇಳಿದಳು. “ಒಳಗೆ ಒಂದೂವರೆ ಅಡಿ ಸಾಕಾಗಲ್ವಾ?”

ಮೇಸ್ತ್ರಿ ತಲೆ ಕೆರೆದುಕೊಂಡ. “ಗಟ್ಟಿ ನೆಲ. ಸಾಕಾಗ್ಬೋದು.”

ಕಂಬಕ್ಕೆ ಒಂದೂವರೆ ಅಡಿಯಂತೆ ಇಪ್ಪತ್ತೇಳು ಅಡಿ ಪೈಪು ಉಳಿಯಿತು. ನಾಲ್ಕು ಮೂಟೆ ಸಿಮೆಂಟು ಉಳಿಯಿತು. ಗುಂಡಿ ತೋಡುವವರ ಎರಡು ದಿನದ ಕೂಲಿ ಉಳಿಯಿತು. ಲೆಕ್ಕ ಹನ್ನೊಂದು ಸಾವಿರಕ್ಕೆ ಸರಿಯಾಗಿ ಕೂತಿತು. ಲೆಕ್ಕದಲ್ಲಿ ಅವಳು ಎಂದೂ ತಪ್ಪಿದವಳಲ್ಲ.

ಏಳು ತಿಂಗಳು ಶೆಡ್ಡು ನಿಂತಿತ್ತು. ಬಂದವರಿಗೆಲ್ಲ ಶ್ರೀಮಂತ, “ನನ್ನ ಶೆಡ್ಡು ನೋಡಿ” ಎಂದು ತೋರಿಸುತ್ತಿದ್ದ. ಬೇಸಿಗೆಯ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಶ್ರೀಮಂತ ಫೋನ್ ಮಾಡಿದ. “ಏಯ್, ನಿನ್ನ ಶೆಡ್ಡು ಅಳ್ಳಾಡ್ತಾ ಐತೆ, ಬೇಗ ಬಾ.” ಕೇಳಿದಿರಾ? ಏಳು ತಿಂಗಳು ನನ್ನ ಶೆಡ್ಡು. ಅಳ್ಳಾಡಿದ ದಿನ ನಿನ್ನ ಶೆಡ್ಡು.

ಮೇಸ್ತ್ರಿ ಓಡಿಹೋಗಿ ಒಳಗೆ ನುಗ್ಗಿ ಹಸುಗಳ ಹಗ್ಗ ಬಿಚ್ಚಿದ. ಎಂಟು ಹಸುಗಳೂ ಹೊರಗೆ ಬಂದವು. ಅವನು ಹೊರಗೆ ಬರುವ ಮೊದಲು ಗಾಳಿ ಚಾವಣಿಯ ಕೆಳಗೆ ಹೊಕ್ಕು ಎತ್ತಿತು. ಮೂಲಂಗಿ ಕಿತ್ತ ಹಾಗೆ ಕಂಬಗಳು ನೆಲದಿಂದ ಎದ್ದು ಬಂದವು.

ಶ್ರೀಮಂತ ಕೆಟ್ಟವನಲ್ಲ. ತಿಥಿಯ ಅಕ್ಕಿ ಬೇಳೆ ಅವನೇ ಕಳಿಸಿದ. ನಿಂತು ಬಡಿಸಿದ. ಕೆಟ್ಟವನಾಗಿದ್ದರೆ ಈ ಕಥೆ ನಿಮಗೆ ಹೇಳುತ್ತಿರಲಿಲ್ಲ. ಕೆಟ್ಟವರ ಕಥೆಯಿಂದ ನಿಮಗೇನು ಪ್ರಯೋಜನ? ನೀವ್ಯಾರೂ ಕೆಟ್ಟವರಲ್ಲವಲ್ಲ.

ಇಂಥವನು ಹದಿಮೂರನೆಯ ದಿನ ಹೊಸ ಎಸ್ಟಿಮೇಟು ಕೇಳಿದ. ಅವಳು, “ಸಂಜೆ ಬರ್ದು ತರ್ತೀನಿ” ಎಂದಳು.

ಶ್ರೀಮಂತ ಆಚೆ ಹೋದದ್ದೇ ಮೈದುನ ಒಳಗೆ ಬಂದ. ಅವನು ಅಣ್ಣನ ಜೊತೆ ವೆಲ್ಡಿಂಗ್ ಕೆಲಸ ಮಾಡುತ್ತಿದ್ದವನು. “ಅತ್ತಿಗೆ, ಕೈ ಮುಗೀತೀನಿ, ಆಯಪ್ಪಂಗೆ ಒಪ್ಪೋ ಹಂಗೆ ಬರೀರಿ. ನಾಲ್ಕು ಜನಕ್ಕೆ ಎರಡು ತಿಂಗಳ ಕೆಲ್ಸ. ಇಲ್ದಿದ್ರೆ ಬೇರೆಯವ್ರು ಬಂದು ಒಂದಡಿ ಹೂತು ಹೋಯ್ತಾರೆ.”

“ಆ ರೂಮಲ್ಲಿ ಎರಡು ಕೂಸು ಮಲಗ್ತವಂತೆ ಕಣೋ.”

“ನಮ್ಮನೇಲೂ ಮಲಗ್ತವೆ ಅತ್ತಿಗೆ. ಹೊಟ್ಟೆಗಿಲ್ದೆ.”

ಅವನ ಮಾತೂ ಸುಳ್ಳಲ್ಲ. ಅವಳು ಕಾಗದ ತೆಗೆದುಕೊಂಡು ಬರೆಯಲು ಕೂತಳು.

ಸಂಜೆ ಅವಳು ಕಾಗದ ಹಿಡಿದು ಜಗಲಿಗೆ ಹೋದಳು. ಮೊದಲ ಸಾಲಿನಲ್ಲೇ ಬರೆದಿದ್ದಳು: ಕಂಬ ಇಪ್ಪತ್ತನಾಲ್ಕು, ನೆಲದ ಮೇಲೆ ಹತ್ತಡಿ, ನೆಲದೊಳಗೆ ಮೂರಡಿ. ಅದರ ಕೆಳಗೆ ಶೀಟು, ತೊಲೆ, ಮ್ಯಾಟು, ಫ್ಯಾನು, ರೂಮಿನ ಗೋಡೆ, ಅಡುಗೆಮನೆಯ ಕಿಟಕಿ.

ಶ್ರೀಮಂತ ಕನ್ನಡಕ ಹಾಕಿಕೊಂಡ. “ಇದೇನಮ್ಮ, ಮಣ್ಣೊಳಗಿರೋದಕ್ಕೂ ದುಡ್ಡಾ? ಯಾರೂ ಹಿಂಗೆ ಬರೆಯಲ್ಲ.”

“ಹೌದು. ಯಾರೂ ಬರೆಯಲ್ಲ.”

“ಜಾಸ್ತಿ ಆಯ್ತು. ಸ್ವಲ್ಪ ನೋಡಿ ಹಾಕು.”

“ಎಲ್ಲಿಂದ ತೆಗೀಲಿ ಯಜಮಾನ್ರೇ? ನೀವೇ ಬೆರಳಿಟ್ಟು ತೋರ್ಸಿ.”

ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಅವನ ಬೆರಳು ಕಾಗದದ ಮೇಲೆ ಓಡಾಡಿತು. ಫ್ಯಾನಿನ ಮೇಲೆ ನಿಂತಿತು. ಸೆಕೆಗೆ ಹಾಲು ಕಮ್ಮಿಯಾಗುತ್ತದೆ, ಬೇಡ. ಮ್ಯಾಟಿನ ಮೇಲೆ ನಿಂತಿತು. ಕೆಚ್ಚಲು ಬಾವು ಬರುತ್ತದೆ, ಬೇಡ. ಕೆಳಗಿಳಿಯಿತು. ರೂಮಿನ ಸಾಲಿನ ಮೇಲೆ ನಿಂತಿತು. ಅಲ್ಲಿಂದ ಏಳಲಿಲ್ಲ.

“ಈ ರೂಮಿನ ಕಡೆ ಕಂಬಕ್ಕೆ ಇಷ್ಟು ಆಳ ಯಾಕೆ? ಹಸ ಆದ್ರೆ ಎಳೆದಾಡ್ತವೆ, ಗುದ್ತವೆ. ಮನುಷ್ರು ಹೆಂಗೋ ಹೊಂದ್ಕೋತಾರೆ.”

ಇಲ್ಲಿ ಕಥೆ ನಿಲ್ಲಿಸುತ್ತೇನೆ. ಶ್ರೀಮಂತನ ಮೇಲೆ ಕೋಪ ಬಂತೇ? ಬರಲಿ. ಈಗ ನಿಮ್ಮ ಬೆರಳು ನೋಡಿಕೊಳ್ಳಿ.

ಮಕ್ಕಳನ್ನು ಶಾಲೆಗೆ ಬಿಡುವ ಆಟೋದವನಿಗೆ ಹೋದ ಜೂನಿನಲ್ಲಿ ತಿಂಗಳಿಗೆ ಇನ್ನೂರು ಕಡಿಮೆ ಮಾಡಿಸಿದಿರಿ. ಮಾಡಿಸಿ ಪಕ್ಕದ ಮನೆಯವರಿಗೆ ಹೇಳಿಕೊಂಡಿರಿ. ಅವನು ಅದನ್ನು ಎಲ್ಲಿಂದ ತೆಗೆದ? ಊಟದಿಂದ ತೆಗೆದನೇ? ಬ್ರೇಕಿನಿಂದ ತೆಗೆದನೇ? ಕೇಳಿದಿರಾ? ಮನೆಗೆ ವೈರಿಂಗ್ ಮಾಡಿದವನಿಗೆ ಸ್ವಲ್ಪ ನೋಡಿ ಹಾಕು ಎಂದಿರಿ. ಸ್ವಿಚ್ಚುಗಳೆಲ್ಲ ಚೆನ್ನಾಗಿವೆ. ಗೋಡೆಯೊಳಗೆ ಏನಿದೆ? ಕೇಳಿದಿರಾ?

ಕಡಿಮೆ ಮಾಡು ಎಂದಾಗ ಕಡಿಮೆಯಾಗುವುದು ಎಂದೂ ಬೆಲೆಯಲ್ಲ. ಒಂದು ವಸ್ತು ಕಡಿಮೆಯಾಗುತ್ತದೆ. ಅದು ನಿಮ್ಮ ಕಣ್ಣಿಗೆ ಕಾಣದ ಕಡೆಯಿಂದಲೇ ಹೋಗುತ್ತದೆ, ಏಕೆಂದರೆ ಕಾಣುವ ಕಡೆ ನೀವು ಕಾವಲು ಕೂತಿರುತ್ತೀರಿ.

ಆದ್ದರಿಂದ ನಾಳೆಯಿಂದ ಇಷ್ಟು ಮಾಡಿ. ಚೌಕಾಸಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಬಿಡುವುದಿಲ್ಲ. ಕಡಿಮೆ ಮಾಡು ಎನ್ನುವ ಬಾಯಿಯಿಂದಲೇ, ಎಲ್ಲಿಂದ ಕಡಿಮೆ ಮಾಡುತ್ತೀಯಪ್ಪ ಎಂದೂ ಕೇಳಿ. ಅವನು ಹೇಳುವವರೆಗೆ ಕಾಯಿರಿ. ಹೇಳಲು ಅವನಿಗೆ ಬಾಯಿ ಬರದಿದ್ದರೆ, ಕೇಳಿದಷ್ಟು ಕೊಟ್ಟು ಮನೆಗೆ ಹೋಗಿ. ಇನ್ನು ನಿಮ್ಮಲ್ಲಿ ದುಡಿದು ತಿನ್ನುವವರು ಇದ್ದೀರಿ. ನಿಮಗೂ ಒಂದು ಮಾತು. “ಆಗ್ಲಿ ಬಿಡಿ” ಎಂದು ಎದ್ದು ಬರಬೇಡಿ. ಎಲ್ಲಿಂದ ಎಂದು ಅಲ್ಲೇ, ಆ ಜಗಲಿಯಲ್ಲೇ, ಅವನ ಎದುರಿಗೇ ಕೇಳಿ. ಮನೆಗೆ ತಂದು ಹೆಂಡತಿಯನ್ನು ಕೇಳಬೇಡಿ.

ಕಥೆ ಸ್ವಲ್ಪ ಉಳಿದಿದೆ.

ಅವಳು ಕಾಗದವನ್ನು ತಿದ್ದಲಿಲ್ಲ. ಅವನ ಮುಂದೆಯೇ ಬಿಟ್ಟು ಮನೆಗೆ ಹೋದಳು. ಹಿತ್ತಿಲಿನಿಂದ ಒಂದು ಉದ್ದನೆಯ ಹಾರೆ ಎತ್ತಿಕೊಂಡು ಮತ್ತೆ ಬಂದಳು. ಹೊರಲಾರದೆ ಅರ್ಧ ದಾರಿ ಎಳೆದುಕೊಂಡೇ ಬಂದಳು. ಜಗಲಿಯ ಮೆಟ್ಟಿಲ ಮೇಲೆ ಇಟ್ಟಳು.

“ಇದು ನಿಮ್ದು. ಹೋದ ಸಲ ಗುಂಡಿ ತೋಡಕ್ಕೆ ಅಂತ ನಮ್ಮನೆಯವ್ರು ನಿಮ್ಮ ಹತ್ರ ಇಸ್ಕೊಂಡಿದ್ರು.”

“ಅಯ್ಯೋ, ಇದಕ್ಕೇನಮ್ಮ ಅವಸರ.” ಶ್ರೀಮಂತ ಬಗ್ಗಿ ನೋಡಿದ. ಹಾರೆಗೆ ಕೆಂಪು ಬಣ್ಣದಲ್ಲಿ ಎರಡು ಗೆರೆ ಎಳೆದಿತ್ತು. “ಇದೇನು ಗೆರೆ?”

“ಆಳ ನೋಡಕ್ಕೆ. ಮೂರಡಿಗೆ ಹಾಕಿರೋದು ಅವ್ರು. ಒಂದೂವರೆ ಅಡೀಗೆ ಹಾಕ್ಸಿದ್ದು ನಾನು. ನೀವು ಮೂರನೇ ಸಲ ಕಳ್ಸಿದ ದಿನ.”

ಬಗ್ಗಿದ್ದವನು ನೆಟ್ಟಗಾದ.

“ರೂಮಿನ ಕಡೆ ಎಷ್ಟು ಅಂತ ನೀವೇ ಒಂದು ಗೆರೆ ಹಾಕ್ಕೊಡಿ. ನಾನು ಇನ್ನು ಹಾಕಲ್ಲ.”

ಅವಳು ಕೈ ಒರೆಸಿಕೊಂಡು ಮೆಟ್ಟಿಲಿಳಿದಳು. ಹಾರೆ ಅಲ್ಲೇ ಬಿದ್ದಿತ್ತು. ಕೆಳಗಿನ ಒಂದೂವರೆ ಅಡಿಯ ಗೆರೆ ಮಣ್ಣಿಗೆ ಉಜ್ಜಿ ಉಜ್ಜಿ ಸವೆದುಹೋಗಿತ್ತು. ಮೇಲಿನ ಮೂರಡಿಯದು ಹಚ್ಚಿದ ದಿನದಂತೆಯೇ ಕೆಂಪಗಿತ್ತು.