ಅಣ್ಣನ ಹೆಸರು, ತಮ್ಮನ ರಕ್ತ

ಸೋಲಾಪುರದ ದವಾಖಾನೆಯೊಂದರಲ್ಲಿ ನನ್ನ ಪಕ್ಕದ ಬಾಕಿನ ಮೇಲೆ ಅಕ್ಕಲಕೋಟದ ಅರಿವೆ ಅಂಗಡಿಯ ಅಣ್ಣತಮ್ಮಂದಿರು ಕೂತಿದ್ದರು. ಅಣ್ಣ ಮಲಕಾಜಪ್ಪನ ಕೈಯಲ್ಲಿ ಪಿಎಸ್‌ಎ ರಿಪೋರ್ಟ್ ಇತ್ತು; ತಮ್ಮ ಅಮೃತಪ್ಪ ಅದನ್ನೇ ನೋಡುತ್ತಿದ್ದ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ರಕ್ತಪರೀಕ್ಷೆ ಅದು.

“ಭಾಳ ಜಾಸ್ತಿ ಬಂದದ, ಅಮೃತಾ. ಬಯಾಪ್ಸಿ ಮಾಡಬೇಕಂತ.”

“ಮಾಡಿಸ್ಕೋ ಅಣ್ಣಾ. ನಿನ್ನ ಹೆಸರ ಅದ.”

“ಹೆಸರ ನಂದು. ರಕ್ತ ಕೊಟ್ಟಾಂವ ನೀ.”

“ಸೂಜಿಗೆ ಅಂಜಿ ನೀನ ಕಳಿಸಿದಿ. ಒಂದ ತಾಯಿ ಮಕ್ಕಳು, ರಕ್ತಾನೂ ಒಂದ ಅಂದಿ.”

“ಅಂದೆ ಖರೆ. ಈಗ ರೋಗ ಯಾರದು?”

“ರಾತ್ರಿ ಎದ್ದೆದ್ದು ಒಂದಕ್ಕ ಹೋಗಾಂವ ನೀ. ನಾ ಆರಾಮ ಮಲಗ್ತೀನಿ.”

“ಆರಾಮ ಮಲಗಾವ್ರಿಗೂ ಇರ್ತದಂತ.”

ಅಮೃತಪ್ಪ ರಿಪೋರ್ಟ್ ಇಸಿದುಕೊಂಡು ತಿರುವಿ ನೋಡಿದ.

“ರಿಪೋರ್ಟ್ ಬಂದಾಗಿಂದ ನಿಮ್ಮ ವೈನಿ ನನಗ ಬರೇ ಗಂಜಿ ಕುಡಸಾಕತ್ತಾಳ,” ಅಂದ ಮಲಕಾಜಪ್ಪ, ತನ್ನ ಹೆಂಡತಿಯ ಬಗ್ಗೆ.

“ಅಂದ್ರ ಆ ಗಂಜಿ ನಾ ಕುಡೀಬೇಕಿತ್ತೇನು?”

“ನಡಿ, ಡಾಕ್ಟರ್‌ಗೆ ಖರೇ ಹೇಳೂಣು. ಇಬ್ಬರದೂ ಬ್ಯಾರೆ ಬ್ಯಾರೆ ನೋಡ್ಲಿ.”

“ಬೈತಾರ.”

“ಬೈಲಿ. ನಿನಗೇನರೆ ಆದ್ರ ನಾ ಏನ್ ಮಾಡ್ಲೋ?”

ನರ್ಸ್ ಮಲಕಾಜಪ್ಪನ ಹೆಸರು ಕೂಗಿದಳು. ಇಬ್ಬರೂ ಎದ್ದರು. ಅಣ್ಣ ತಮ್ಮನನ್ನು ಮುಂದೆ ತಳ್ಳಿದ.

“ಏ ಅಣ್ಣಾ, ಬೈಗಳರೆ ನೀನ ತಗೋ!”

ಬಾಗಿಲು ಮುಚ್ಚಿತು.