ಖರಾಬು ಎಂದು ಬರೆದ ಕಾನು

ಸೊರಬದ ಬಂಧುಗಳೇ, ನಮ್ಮ ಶಿಕಾರಿಪುರದ ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ಬಂದಿರುವ ನಿವೃತ್ತ ಮಿತ್ರರೇ, ಹೆಗ್ಗೆರೆಕೊಪ್ಪದ ರೈತ ಬಾಂಧವರೇ, ಎದುರಿಗೆ ಕೂತಿರುವ ವರದಮ್ಮ ಅತ್ತಿಗೆ, ಅವರ ಮಗಳು ಸ್ಪಂದನ — ಎಲ್ಲರಿಗೂ ಈ ಸದಾಶಿವಪ್ಪನ ನಮಸ್ಕಾರಗಳು. ನಾನು ಉಡುತಡಿಯವನು. ಇವತ್ತು ನಾವು ಶ್ರದ್ಧಾಂಜಲಿ ಹೇಳಲು ಸೇರಿರುವ ಗೋಪಾಲಪ್ಪನವರ ಜೊತೆ ಸರ್ವೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಬಿಸಿಲು ಕುಡಿದವನು. ಸಂಘದ ಕಾರ್ಯದರ್ಶಿ ಶಿವಯೋಗಿಯವರು ‘ಐದು ನಿಮಿಷ ಮಾತಾಡ್ರಿ ಸಾಕು’ ಅಂದಿದ್ದಾರೆ. ಗೋಪಾಲಣ್ಣ ಐದು ನಿಮಿಷಕ್ಕೆ ಮುಗಿಯುವ ಮನುಷ್ಯ ಅಲ್ಲ, ಶಿವಯೋಗಿಯವರೇ. ದಯವಿಟ್ಟು ಗಡಿಯಾರ ನೋಡಬೇಡಿ.

ಅವರು ನಡೆಯುತ್ತಿದ್ದ ರೀತಿ ನಿಮಗೆಲ್ಲ ನೆನಪಿರಬೇಕು. ಇಲ್ಲಿ ನೋಡಿ — ಹೀಗೆ. ಕೈ ಬೆನ್ನ ಹಿಂದೆ, ತುಟಿ ಪಿಟಿಪಿಟಿ. ನೋಡಿದವರು ಜಪ ಅಂದುಕೊಳ್ಳಬೇಕು. ಜಪವೂ ಅಲ್ಲ, ತಪವೂ ಅಲ್ಲ — ಹೆಜ್ಜೆ ಎಣಿಸುತ್ತಿದ್ದರು! ಅವರ ಒಂದು ಹೆಜ್ಜೆ ಅಂದರೆ ಎರಡೂವರೆ ಅಡಿ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಹೆಣ್ಣು ನೋಡಲು ಹೋದ ದಿನ ಎಲ್ಲರೂ ಒಳಗೆ ಅವಲಕ್ಕಿ ತಿನ್ನುತ್ತಿದ್ದರೆ ಇವರು ಹಿತ್ತಲಲ್ಲಿ ಎಣಿಸಿಕೊಂಡು ಓಡಾಡಿ, ವಾಪಸ್ ಬಂದು ಮಾವನವರಿಗೆ ಹೇಳಿದರಂತೆ — ‘ನಿಮ್ಮ ಬೇಲಿ ಪಕ್ಕದವರ ಜಾಗಕ್ಕೆ ಮೂರಡಿ ಹೋಗೈತೆ, ಯಜಮಾನ್ರೆ.’ ಮಾವನವರ ಮುಖ ಹೇಗಾಗಿರಬೇಕು! ಆಗ ಬಾಗಿಲ ಸಂದಿಯಿಂದ ಒಂದು ದನಿ — ‘ಹೆಣ್ಣು ನೋಡಕೆ ಬಂದಾರೋ, ಹಿತ್ತಲು ಅಳಿಯಕೆ ಬಂದಾರೋ, ಕೇಳು ಅಮ್ಮ!’ ಆ ದನಿ ಯಾರದು ಅಂತ ನಾನು ಹೇಳುವುದಿಲ್ಲ. ಅತ್ತಿಗೆ ನಗುತ್ತಿದ್ದಾರೆ. ನಗಲಿ. ಹದಿಮೂರು ದಿನದ ನಂತರ ಇವತ್ತು ನಗು ನೋಡುತ್ತಿದ್ದೇನೆ.

ಆಮೇಲೆ ಇನ್ನೊಂದು ಮಾತು. ಆ ಬೇಲಿಯನ್ನು ಮಾವನವರು ಕಿತ್ತು ಹಿಂದೆ ಹಾಕಿದ ಮೇಲೆಯೇ ಇವರು ಮದುವೆಗೆ ಒಪ್ಪಿದ್ದು. ಅಂಥ ಮನುಷ್ಯ.

ಅಂಥ ಮನುಷ್ಯ ಒಂದೇ ಒಂದು ಸಲ ಅಳೆಯದೆ ಬರೆದರು. ಒಂದೇ ಸಲ — ಅದನ್ನು ಹೇಳುವುದಕ್ಕೇ ನಾನು ಇವತ್ತು ಬಂದಿರುವುದು.

ಹೆಗ್ಗೆರೆಕೊಪ್ಪದ ಕಾನು ನಿಮಗೆ ಗೊತ್ತು. ಕೆರೆಯ ಮೇಲ್ಬದಿಗೆ, ಮಧ್ಯಾಹ್ನವೂ ಒಳಗೆ ಮಬ್ಬಾಗಿರುವ ಅರವತ್ತೊಂದು ಎಕರೆ ದಟ್ಟ ಕಾಡು. ಬೇಸಗೆಯಲ್ಲೂ ಅಲ್ಲಿಂದ ಒರತೆ ನೀರು ಕೆರೆಗೆ ಇಳಿಯುತ್ತದೆ. ಗುಡವಿ ಪಕ್ಷಿಧಾಮದಲ್ಲಿ ಗೂಡು ಕಟ್ಟಿದ ಹಕ್ಕಿಗಳು ಮೇಯುವುದಕ್ಕೆ ಈ ಕೆರೆಗೂ ಬರುತ್ತವೆ. ಆದರೆ ಸರ್ಕಾರದ ಪಹಣಿಯಲ್ಲಿ ಅದು ಕಾನು ಅಲ್ಲ. ಅಲ್ಲಿ ಬರೆದಿರುವುದು ಒಂದೇ ಶಬ್ದ — ಖರಾಬು. ಉಳುವುದಕ್ಕೆ ಬಾರದ ಜಮೀನು, ಯಾರಿಗೂ ಬೇಡದ್ದು. ಬರೆದ ಅಕ್ಷರ ಗೋಪಾಲಣ್ಣನದು.

ಮೂರು ವರ್ಷದ ಹಿಂದೆ ಹೊಸ ರಸ್ತೆಯ ಸುದ್ದಿ ಬಂತು. ಶಿಕಾರಿಪುರದಿಂದ ಇತ್ತ ಕಡೆಗೆ ನೆಟ್ಟಗೆ ಒಂದು ಗೆರೆ ಎಳೆದಿದ್ದರು. ಗೆರೆ ಎಲ್ಲಿ ಹಾಯುತ್ತದೆ? ಗದ್ದೆಯಲ್ಲಿ ಹೋದರೆ ಪರಿಹಾರ ಕೊಡಬೇಕು. ಕಾಡು ಅಂತಿದ್ದರೆ ಅರಣ್ಯದವರನ್ನು ಕೇಳಬೇಕು. ಖರಾಬು ಆದರೆ ಯಾರನ್ನೂ ಕೇಳಬೇಕಿಲ್ಲ. ಕಾನಿನ ನಟ್ಟನಡುವೆ ಗೆರೆ ಎಳೆದರು.

ಮರುದಿನ ಬೆಳಗ್ಗೆ ಏಳೂವರೆಗೆ ನನ್ನ ಮನೆ ಬಾಗಿಲಲ್ಲಿ ಗೋಪಾಲಣ್ಣ. ನನ್ನ ಮನೆಯವರು ರೊಟ್ಟಿ ತಟ್ಟುತ್ತಿದ್ದರು. ‘ಬರ್ರಿ ಅಣ್ಣಾರ, ಬಿಸಿ ರೊಟ್ಟಿ ಅದಾವು’ ಅಂದೆ. ಕೂರಲಿಲ್ಲ. ನಕ್ಷೆಯ ಜೆರಾಕ್ಸನ್ನು ನನ್ನ ತಟ್ಟೆಯ ಪಕ್ಕ ಬಿಚ್ಚಿ ಬೆರಳಿಟ್ಟರು. ‘ಸದಾಶಿವಪ್ಪ, ಇದು ನಾನು ಮಾಡಿದ ರಸ್ತೆ ಮಾರಾಯ. ನನ್ನ ಪೆನ್ನೇ ದಾರಿ ಬಿಟ್ಟಿದ್ದು. ಇದನ್ನ ನಾನೇ ನಿಲ್ಲಸ್ಬೇಕು.’ ನಾನೇನಂದೆ ಗೊತ್ತಾ? ‘ಆಗಿದ್ದು ಆಗೇತಿ, ಬಿಡ್ರಿ ಅಣ್ಣಾರ. ರಿಟೈರಾದ ಮ್ಯಾಲೆ ಯಾಕ ಬೇಕು?’ ಅವರು ನಕ್ಷೆ ಮಡಿಸಿ ಜೇಬಿಗೆ ಹಾಕಿದರು. ಆಮೇಲೆ ಕೂತು ಮೂರು ರೊಟ್ಟಿ ತಿಂದರು, ಅದು ಬೇರೆ ವಿಷಯ.

ಅವತ್ತಿನಿಂದ ಎರಡು ವರ್ಷ, ಹೊತ್ತು ಮೂಡುವ ಮೊದಲು ಮತ್ತು ಹೊತ್ತು ಮುಳುಗುವ ಮುಂಚೆ ಆ ಕಾನಿನ ಅಂಚಿನಲ್ಲಿ ಕೂತರು. ಕಾನಿನಿಂದ ಕೆರೆಗೆ ಯಾರ‍್ಯಾರು ಇಳಿಯುತ್ತಾರೆ, ಯಾರ‍್ಯಾರು ಹತ್ತುತ್ತಾರೆ — ಲೆಕ್ಕ. ಅದಕ್ಕೂ ನಮ್ಮ ಇಲಾಖೆಯ ಹಳೇ ಪುಸ್ತಕವೇ ಬೇಕು ಅವರಿಗೆ! ಅದೇ ಕಲಮುಗಳು, ಕೊನೆಗೆ ಷರಾ ಅನ್ನುವ ಟಿಪ್ಪಣಿ, ಅದೇ ದುಂಡು ಅಕ್ಷರ. ಸ್ಪಂದನ ಅದನ್ನು ತಂದಿದ್ದಾಳೆ. ಒಂದೆರಡು ಸಾಲು ಓದುತ್ತೇನೆ, ಕನ್ನಡಕ ಹಾಕಿಕೊಳ್ಳುತ್ತೇನೆ, ತಾಳಿ.

‘ಸ್ವಾಧೀನದಾರರ ಹೆಸರು: ಮಂಗಟ್ಟೆ ಹಕ್ಕಿ, ಗಂಡ ಹೆಂಡತಿ. ಸ್ವಾಧೀನದ ಅವಧಿ: ತಿಳಿದುಬಂದಿಲ್ಲ, ನಮಗಿಂತ ಹಿಂದಿನಿಂದ. ವಾಸದ ಮನೆ: ಧೂಪದ ಮರದ ಪೊಟರೆ. ಷರಾ: ಹೆಂಡತಿ ಒಳಗೆ ಮೊಟ್ಟೆಯ ಮೇಲಿದ್ದಾಳೆ. ಗಂಡ ಹಣ್ಣು ತಂದು ಕೊಕ್ಕಿಗೆ ಕೊಡುತ್ತಿದ್ದಾನೆ. ವರದಮ್ಮನಿಗೆ ತೋರಿಸಬೇಕು.’

ತೋರಿಸಿದರಾ ಅತ್ತಿಗೆ? — ಹೂಂ ಅಂತಿದ್ದಾರೆ.

ಇನ್ನೊಂದು. ‘ಹೆಸರು: ಬರ್ಕ.’ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮೊಲಕ್ಕಿಂತ ತುಸು ದೊಡ್ಡದು, ಜಿಂಕೆಯ ಹಾಗಿರುವ ಪ್ರಾಣಿ. ‘ಒಂದು. ಕೆರೆಗೆ ಇಳಿಯುವ ಮೊದಲು ನನ್ನನ್ನು ನೋಡಿ ನಿಂತಿತು. ಕಾಲು ಪೆನ್ಸಿಲಿನಷ್ಟು ಸಣ್ಣ. ಷರಾ: ಲಾರಿ ಬರುವ ರಸ್ತೆಯನ್ನು ಇದು ದಾಟಲಾರದು.’

ಹೀಗೆ ಇನ್ನೂರು ಪುಟ ಇದೆ. ನನಗೆ ಪೂರ್ತಿ ಓದುವುದಕ್ಕೆ ಆಗಲಿಲ್ಲ.

ಜನ ಸುಮ್ಮನಿರಲಿಲ್ಲ, ಅದನ್ನೂ ಹೇಳಬೇಕು. ‘ಪಿಂಚಣಿ ಬರ್ತದೆ, ಹಕ್ಕಿ ನೋಡ್ಕಂಡು ಕೂತಾರೆ’ ಅಂದರು. ಊರಿನ ಸಭೆಯಲ್ಲಿ ಹೇಮಂತ್ ಎದ್ದು ನಿಂತ — ಇಲ್ಲೇ ಹಿಂದೆ ಕೂತಿದ್ದಾನೆ, ಅವನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಅವನ ಹೆಂಡತಿಗೆ ಹೆರಿಗೆ ನೋವು ಬಂದ ದಿನ ಆಂಬುಲೆನ್ಸ್ ಮುಕ್ಕಾಲು ಗಂಟೆ ತಡವಾಗಿತ್ತು. ‘ನಾನು ಪಟ್ಟ ಪಾಡು ನಿಮ್ಮ ಮಂಗಟ್ಟೆ ಹಕ್ಕಿಗೆ ಹೇಳ್ರಿ, ಗೋಪಾಲಪ್ಪೋರೆ! ನಮಗೆ ರಸ್ತೆ ಬೇಕು!’ ಅಂತ ಕೂಗಿದ. ಸಭೆ ಚಪ್ಪಾಳೆ ಹೊಡೆಯಿತು. ನ್ಯಾಯವಾದ ಸಿಟ್ಟು ಅದು. ಗೋಪಾಲಣ್ಣ ವಾದ ಮಾಡಲಿಲ್ಲ. ‘ನಾಳೆ ಬೈಕ್ ತಗಂಡು ಬಾ ತಮ್ಮ. ತಡ ಎಲ್ಲಿ ಆತು ಅಂತ ಇಬ್ರೂ ನೋಡಾಣ’ ಅಂದರು.

ಇಬ್ಬರೂ ಹೋದರು. ಅರವತ್ತೊಂಬತ್ತರ ಮುದುಕ ಬೈಕಿನ ಹಿಂದೆ ಕೂತು, ಕೈಯಲ್ಲಿ ವಾಚು ಹಿಡಿದು, ಹಳೇ ರಸ್ತೆಯ ಒಂದೊಂದು ಗುಂಡಿ ಬರೆದುಕೊಂಡರು. ತಡವಾಗಿದ್ದು ಸುತ್ತು ದಾರಿಯಿಂದಲ್ಲ. ಕಿತ್ತುಹೋದ ಎರಡು ಮೈಲಿ, ಒಂದೇ ಗಾಡಿ ಹೋಗುವ ಒಂದು ಸೇತುವೆ — ಅಲ್ಲಿ. ಹಳೇ ರಸ್ತೆ ಸರಿ ಮಾಡಿ, ಸೇತುವೆ ಅಗಲ ಮಾಡಿ ಅಂತ ಅರ್ಜಿ ಬರೆದರು. ಮೊದಲ ಸಹಿ ಹೇಮಂತನದು. ಹೊಸ ರಸ್ತೆಯಿಂದ ಉಳಿಯುವುದು ಹನ್ನೊಂದು ನಿಮಿಷ, ಹಳೆಯದನ್ನು ರಿಪೇರಿ ಮಾಡಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ ಅಂತ ಆಮೇಲೆ ಊರೂರಿಗೆ ಹೇಳಿಕೊಂಡು ತಿರುಗಿದವನೂ ಹೇಮಂತನೇ.

ಇನ್ನು ಅಹವಾಲು ಕೇಳುವ ದಿನದ ಮಾತು. ಅಧಿಕಾರಿಗಳು ದೊಡ್ಡ ಮೇಜಿನ ಹಿಂದೆ ಕೂತಿದ್ದರು. ಗೋಪಾಲಣ್ಣ ಎದ್ದು ಹೇಳಿದರು — ‘ಸ್ವಾಮಿ, ಈ ದಾಖಲೆ ಸುಳ್ಳು. ಆ ಜಮೀನಿನ ಒಳಗೆ ನಾವು ಹೋಗಲೇ ಇಲ್ಲ. ಅಳತೆಯ ಸರಪಳಿ ಹಿಡಿಯಲಿಲ್ಲ. ಹೊರಗೆ ಕಲ್ಲಿನ ಮೇಲೆ ಕೂತು ಖರಾಬು ಅಂತ ಬರೆದೆ.’ ನಿವೃತ್ತ ನೌಕರ ತನ್ನ ತಪ್ಪನ್ನು ತಾನೇ ಮೈಕಿನಲ್ಲಿ ಹೇಳುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ? ಅಧಿಕಾರಿ ಕೇಳಿದರು — ‘ಇಲ್ಲಿ ಎರಡು ಸಹಿ ಇದೆಯಲ್ರೀ?’ ಗೋಪಾಲಣ್ಣ ತಲೆ ಎತ್ತದೆ ಹೇಳಿದರು — ‘ತೀರ್ಮಾನ ನನ್ನದು. ಇನ್ನೊಬ್ಬರು ನಾನು ಹೇಳಿದಲ್ಲಿ ಸಹಿ ಹಾಕಿದರು, ಅಷ್ಟೆ.’

ಆ ಇನ್ನೊಂದು ಸಹಿ ನನ್ನದು. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ.

ಅತ್ತಿಗೆ, ಅವರು ನಿಮಗೂ ಇದನ್ನು ಹೇಳಿರಲಿಕ್ಕಿಲ್ಲ. ಹಾಗಾಗಿ ನಾನು ಹೇಳಬೇಕು.

ಎಂಬತ್ತೈದರ ಬೇಸಗೆ. ಕ್ಯಾಸನೂರಿನ ಹೆಸರು ಹೊತ್ತ ಆ ಮಂಗನ ಕಾಯಿಲೆ ಅಂದರೆ ಆಗ ಜನ ನಡುಗುತ್ತಿದ್ದರು. ಕಾನಿನ ಒಳಗೆ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದರೆ ಜ್ವರ, ಜ್ವರ ಬಂದರೆ ಬದುಕಿನ ಭರವಸೆ ಇಲ್ಲ, ಅಷ್ಟೇ ನಮಗೆ ಗೊತ್ತಿದ್ದದ್ದು. ಗೋಪಾಲಣ್ಣ ಕಾಲಿಗೆ ಬೇವಿನೆಣ್ಣೆ ಬಳಿದು, ಪ್ಯಾಂಟಿನ ತುದಿಗೆ ಸುತಲಿ ದಾರ ಬಿಗಿದು, ಸರಪಳಿಯ ಒಂದು ತುದಿ ಹಿಡಿದು ಒಳಗೆ ಹತ್ತು ಹೆಜ್ಜೆ ಹೋಗಿಯೇ ಬಿಟ್ಟಿದ್ದರು. ಇನ್ನೊಂದು ತುದಿ ನನ್ನ ಕೈಯಲ್ಲಿ. ಅಲ್ಲಿ ಮರದ ಬುಡದಲ್ಲಿ ಒಂದು ಸತ್ತ ಮಂಗ ಬಿದ್ದಿತ್ತು. ನನ್ನ ಕೈಯಿಂದ ಸರಪಳಿ ಜಾರಿತು. ‘ನಾ ಬರಂಗಿಲ್ಲ ಅಣ್ಣಾರ. ನನ್ನ ಮಗಳಿನ್ನೂ ಮೂರು ತಿಂಗಳ ಕೂಸೈತ್ರೀ’ ಅಂತ ಕೈ ಮುಗಿದೆ. ಅತ್ತೂ ಬಿಟ್ಟೆ. ಸರಪಳಿ ಹಿಡಿಯಲು ಇಬ್ಬರು ಬೇಕು. ಇಡೀ ಕಾನು ನೋಡಿ ಮರ, ಒರತೆ, ಎಲ್ಲ ಬರೆಯಬೇಕಿತ್ತು. ಅವರು ಹತ್ತು ಹೆಜ್ಜೆ ವಾಪಸ್ ಬಂದರು. ಕಲ್ಲಿನ ಮೇಲೆ ಕೂತು ಬರೆದರು. ‘ಮೊದ್ಲು ಮನೆಗೆ ಹೋಗು. ಕೂಸಿನ ಮುಖ ನೋಡು’ ಅಂದರು. ಇಷ್ಟೇ.

ತಮ್ಮ ಇಡೀ ನೌಕರಿಯ ಒಂದೇ ಒಂದು ಸುಳ್ಳನ್ನು ಅವರು ನನ್ನ ಮಗಳಿಗಾಗಿ ಬರೆದರು. ನಂತರ ನಲವತ್ತು ವರ್ಷ ನನ್ನ ಕಡೆ ಒಂದು ಮಾತಿನ ಕೊಂಕಿಲ್ಲ. ಆ ಮಗಳ ಮದುವೆಯಲ್ಲಿ ಬಡಿಸಲು ಮೊದಲು ಪಂಚೆ ಎತ್ತಿ ಕಟ್ಟಿದವರೂ ಅವರೇ. ನನ್ನ ಸ್ವಂತ ತಮ್ಮನ ಮೇಲೂ ನನಗೆ ಅವರ ಮೇಲಿದ್ದಷ್ಟು ಪ್ರೀತಿ ಇಲ್ಲ, ಸತ್ಯವಾಗಿ ಹೇಳುತ್ತೇನೆ.

ಹೋದ ವಾರ ಕಚೇರಿಯಿಂದ ನನಗೆ ಕಾಗದ ಬಂದಿದೆ. ಹೇಳಿಕೆ ಕೊಟ್ಟವರು ತೀರಿಕೊಂಡಿದ್ದಾರೆ, ಒಬ್ಬರ ಮಾತಿನ ಮೇಲೆ ದಾಖಲೆ ತಿದ್ದಲಾಗದು, ಸಹಿ ಮಾಡಿದ ಇನ್ನೊಬ್ಬರು ಬರುವ ಗುರುವಾರದೊಳಗೆ ಲಿಖಿತವಾಗಿ ಹೇಳದಿದ್ದರೆ ಖರಾಬು ಅಂತಲೇ ಉಳಿಯುತ್ತದೆ — ಇದು ಕಾಗದದ ತಾತ್ಪರ್ಯ. ಉಳಿದರೆ ಯಂತ್ರಗಳು ಬರುತ್ತವೆ. ಮನೆಯಲ್ಲಿ ಕೇಳಿದರೆ ‘ಈ ವಯಸ್ಸಿನಲ್ಲಿ ವಿಚಾರಣೆ, ಪಿಂಚಣಿ ಅಂತ ಏನಾದರೂ ಆದರೆ?’ ಅಂತಾರೆ. ನನಗೂ ಹೆದರಿಕೆ ಇದೆ. ನಾನು ಮೊದಲಿನಿಂದಲೂ ಹೆದರುವ ಮನುಷ್ಯ, ಈಗ ನಿಮಗೆಲ್ಲ ಗೊತ್ತಾಯಿತಲ್ಲ.

ಇದು ಆ ಹೇಳಿಕೆ. ಬರೆದು ನಾಲ್ಕು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದೇನೆ, ಮಡಿಕೆ ಹರಿದಿದೆ. ‘ಒಳಗೆ ಹೋಗಲು ನಿರಾಕರಿಸಿದವನು ನಾನು. ಅದು ಖರಾಬಲ್ಲ, ಕಾನು.’ ಶಿವಯೋಗಿಯವರೇ, ನಿಮ್ಮ ಪೆನ್ನು ಕೊಡಿ. ಈ ಮೇಜಿನ ಮೇಲೇ ಇಟ್ಟು ಹಾಕುತ್ತೇನೆ —

ಆಯಿತು. ಸಹಿ ಹಾಕಿದೆ. ಹೇಮಂತ್, ಬಾ ತಮ್ಮ, ಇದನ್ನು ನೀನೇ ಹಿಡಿದುಕೋ. ಇವತ್ತೇ ಕಚೇರಿಗೆ ಹೋಗಿ ಕೊಡೋಣ, ನಾನೂ ಬರುತ್ತೇನೆ. ನನ್ನ ಹತ್ತಿರ ಇದ್ದರೆ ಮತ್ತೆ ಜೇಬಿಗೆ ಹೋದೀತು.

ಇಷ್ಟು ಹೊತ್ತು ನಾನು ಗೋಪಾಲಣ್ಣನ ಫೋಟೋಗೆ ಬೆನ್ನು ಹಾಕಿಯೇ ಮಾತಾಡಿದೆ. ಬೇಕಂತಲೇ. ಈಗ ತಿರುಗುತ್ತೇನೆ. ಅತ್ತಿಗೆ, ನಿಮಗೆ ಮಂಡಿನೋವು, ನೀವು ಕೂತೇ ಇರಿ. ಉಳಿದವರೆಲ್ಲ ದಯವಿಟ್ಟು ಎದ್ದು ನಿಂತು ಎರಡು ನಿಮಿಷ ಮೌನವಾಗಿರಿ. ನಾನು ಅವರ ಮುಖ ನೋಡಬೇಕು.