ಅಳತೆಗೆ ಸಿಗದ ಅಲೆ

ಆ ರಾತ್ರಿ ಬತ್ತಿದ ಬಾವಿಯ ದಾರಿ ಹಿಡಿದು ಮನೆಗೆ ಹೊರಟಾಗ ಅಲೆರಾಯನ ಮೈಯೆಲ್ಲ ಕೋಪದಿಂದ ಉರಿಯುತ್ತಿತ್ತು.

ಅಲೆರಾಯ ಅಂದರೆ ನಮ್ಮ ದೊಡ್ಡಮ್ಮನ ಮಗ. ಸಮುದ್ರದ ನಡುವೆ ಉಕ್ಕಿನ ಕಾಲೂರಿ ನಿಂತಿರುವ ತೈಲದ ಅಟ್ಟಕ್ಕೆ ಬಿರುಗಾಳಿ ಎಷ್ಟು ಬಲವಾಗಿ ಗುದ್ದುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋದು ಅವನ ಕೆಲಸ. ಆ ಲೆಕ್ಕ ನೋಡಿಯೇ ತೀರ್ಮಾನ... ಅಟ್ಟದ ಜನರನ್ನು ದಡಕ್ಕೆ ಕರೆಸೋದೋ, ಅಲ್ಲೇ ಬಿಡೋದೋ.

ಮರುದಿನ ಬಿರುಗಾಳಿ ಬರೋದಿತ್ತು. ಅಟ್ಟದ ಮೇಲೆ ಅವನ ಹೆಂಡತಿಯ ತಮ್ಮ ವೆಲ್ಡರ್.

ಸಂಜೆ ಆಫೀಸಿನಲ್ಲಿ ಜಗಳವಾಗಿತ್ತು. ಹಿಂದೊಮ್ಮೆ ಬಂದ ಬಿರುಗಾಳಿಯಲ್ಲಿ ಅದೇ ಅಟ್ಟದ ಮೇಲಿದ್ದ ಅಲೆ ಅಳೆಯೋ ಯಂತ್ರವೇ ಮುರಿದು ಕೊಚ್ಚಿಹೋಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನೂ ಅದರ ಜೊತೆಗೇ ಸಮುದ್ರದ ಪಾಲಾದ. ಆ ರಾತ್ರಿಯ ಅಂಕಿ ಖಾಲಿ.

"ಅಂಕಿಯೇ ಇಲ್ಲ ಅಂದಮೇಲೆ ಆ ರಾತ್ರೀನೇ ತೆಗೆದುಹಾಕಿ," ಎಂದ ಮ್ಯಾನೇಜರ್.

"ಸಾರ್, ಯಂತ್ರ ಮುರಿಯೋಷ್ಟು ದೊಡ್ಡ ಅಲೆ ಅಂತ ಅಲ್ವಾ ಅದರ ಅರ್ಥ?"

"ನಿಮ್ಮ ಭಾವಮೈದುನ ಇದ್ದಾನೆ ಅಂತ ಕೆಲಸ ನಿಲ್ಲಿಸೋಕಾಗುತ್ತೇನ್ರೀ? ಮಾವನ ಮನೆ ಚಿಂತೆ ಮನೇಲಿಟ್ಟು ಬನ್ನಿ."

ಅಲೆರಾಯ ಹಲ್ಲು ಕಚ್ಚಿಕೊಂಡು ಆ ರಾತ್ರಿಯನ್ನು ಲೆಕ್ಕದಿಂದ ತೆಗೆದ. ಕಂಪ್ಯೂಟರಿನಲ್ಲಿ ಅಲೆ ಅಟ್ಟದ ಕೆಳಗೇ ನಿಂತಿತು. ಅಪಾಯ ಕಡಿಮೆ, ಜನ ಅಲ್ಲೇ ಇರಲಿ ಅಂತ ತೀರ್ಮಾನವಾಯಿತು.

ಬಾವಿ ಹತ್ತಿರ ಬಂತು. ಒಳಗಿಂದ ಸದ್ದು... ಧಪ್. ಆಮೇಲೆ ಸುಯ್ಯ್... ನೀರು ಹಿಂದಕ್ಕೆ ಎಳೆದುಕೊಂಡ ಹಾಗೆ. ಆಮೇಲೆ ಠಣ್... ಕಬ್ಬಿಣದ ಸದ್ದು. ಹನಿ ನೀರಿಲ್ಲದ ಬಾವಿ ಅದು!

ಕಟ್ಟೆಯ ಪಕ್ಕ ಒಬ್ಬ ನಿಂತಿದ್ದ. ತೊಟ್ಟ ಹಳೇ ರೇನ್‌ಕೋಟಿನಿಂದ ನೀರಿಳಿಯುತ್ತಿತ್ತು.

"ಅಲೆ ಎಲ್ಲಿವರೆಗೆ ಬಂತು ಅಂದೆ?" ಪಿಸುದನಿ.

"ಅಟ್ಟದ... ಕೆಳಗೆ."

"ನಾನು ನಿಂತಿದ್ದು ಅಟ್ಟದ ಮೇಲೆ ಕಣೋ."

"ನೀ... ನೀವ್ಯಾರು?"

"ನಾನು ಸತ್ತ ರಾತ್ರೀನ ಅಳಿಸಿ ಬಂದು, ಯಾರು ಅಂತ ಕೇಳ್ತೀಯಾ? ಥೂ!"

ಅಲೆರಾಯ ಓಡಿದ. ಮನೆಗಲ್ಲ, ಆಫೀಸಿಗೆ. ತೆಗೆದ ರಾತ್ರಿಯನ್ನು ಮತ್ತೆ ಸೇರಿಸಿದ, ಅಲೆಯನ್ನು ಅಟ್ಟದ ಮೇಲೆ ಹಾಯಿಸಿ ಲೆಕ್ಕ ಮಾಡಿದ. ಅಟ್ಟದ ಕಾಲುಗಳು ಉಳಿದರೂ ಮೇಲಿದ್ದವರು ಉಳಿಯೋ ಹಾಗಿರಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದ.

"ಬೆಳಗಾಗಲಿ, ನೋಡೋಣ."

"ಬೆಳಗಾದ್ಮೇಲೆ ಏನು ನೋಡ್ತೀರಿ, ಹೆಣಾನಾ?" ಎಂದು ಫೋನ್ ಕುಕ್ಕಿ, ಅಟ್ಟದ ಮುಖ್ಯಸ್ಥನಿಗೇ ನೇರ ಹೇಳಿದ. ಆತ ಕೂಡಲೇ ಹೆಲಿಕಾಪ್ಟರಿಗೆ ಹೇಳಿಕಳಿಸಿದ. ಗಾಳಿ ಏಳೋ ಮೊದಲು ಹೆಲಿಕಾಪ್ಟರುಗಳು ಎಲ್ಲರನ್ನೂ ದಡಕ್ಕೆ ತಂದವು. ಅವತ್ತು ಸಂಜೆ ಅಲೆ ಅಟ್ಟದ ಮೇಲೇ ಹಾಯಿತು.

"ನಮ್ಮ ಲೆಕ್ಕ ಜನರನ್ನು ಉಳಿಸಿತು," ಅಂತ ಮ್ಯಾನೇಜರ್ ಹಾರ ಹಾಕಿಸಿಕೊಂಡ. ಅಲೆರಾಯನಿಗೆ ಸಿಕ್ಕಿದ್ದು ಹೇಳದೆ ಕೇಳದೆ ಫೋನ್ ಮಾಡಿದ್ದಕ್ಕೆ ನೋಟೀಸು. ನಾಚಿಕೆಗೆಟ್ಟವರು!

ಭಾವಮೈದುನ ಅಟ್ಟಕ್ಕೆ ವಾಪಸು ಹೋಗಿದ್ದು ವಾರದ ಮೇಲೆ. ಅಷ್ಟೂ ದಿನ ಸುಡುಬಿಸಿಲು. ಊಟದ ಕೋಣೆಯ ಬಾಗಿಲಿಲ್ಲ, ಮೇಜುಗಳಿಲ್ಲ, ಉಪ್ಪು ಒಣಗಿ ನೆಲವೆಲ್ಲ ಬೆಳ್ಳಗಾಗಿತ್ತು. ಗೋಡೆಯ ಮೊಳೆಯಲ್ಲಿ ಒಂದು ಹಳೇ ರೇನ್‌ಕೋಟು ನೇತಾಡುತ್ತಿತ್ತು. ಅಲ್ಲಿನವರ ಪೈಕಿ ಯಾರದ್ದೂ ಅಲ್ಲ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು... ತೊಟ್... ತೊಟ್...

ಇದು ಕಟ್ಟುಕತೆಯಲ್ಲ. ಆ ರೇನ್‌ಕೋಟನ್ನು ಕೈಯಾರೆ ಹಿಂಡಿದವನೇ ನನ್ನೆದುರು ಕೂತು ಹೇಳಿದ್ದು.